ನಲವತ್ತೈದು ಬಟಾ ಹತ್ತು

ಪರದೆಯ ಮೇಲೆ ಕೆಂಪು ಬಂದ ದಿನ ಆಫೀಸಿನ ಮಂದಿಗೆಲ್ಲ ಚಹಾ ನಾನೇ ತರಬೇಕು ಎಂಬ ಕಾಯಿದೆ ಮಾಡಿದವರು ನಮ್ಮ ಮಾಲೀಕರು. ಮೊದಲ ದಿನ ಅದನ್ನು ನಗುತ್ತ ಹೇಳಿದರು. ನಾನೂ ನಕ್ಕು ಕೆಳಗಿಳಿದು ಹೋಗಿ ಕೆಟಲ್ ತುಂಬಿಸಿಕೊಂಡು ಬಂದೆ. ಮುಂದಿನ ವಾರ ಮತ್ತೆ ಕೆಂಪು ಬಂತು. ಆಗ ಯಾರೂ ನಗಲಿಲ್ಲ. ಮಾಲೀಕರು ಕ್ಯಾಬಿನ್ನಿನಿಂದಲೇ ಬೆರಳು ತೋರಿಸಿದರು, ಅಷ್ಟೆ.

ಆಫೀಸು ಇದ್ದದ್ದು ವಿಜಯಪುರದಲ್ಲಿ, ಗಾಂಧಿ ಚೌಕದ ಹಿಂದಿನ ಓಣಿಯೊಂದರಲ್ಲಿ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ. ಮೆಟ್ಟಿಲು ಎಷ್ಟು ಕಡಿದಾಗಿದ್ದವೆಂದರೆ ಬಿಸಿ ಕೆಟಲ್ ಹಿಡಿದು ಏರುವಾಗ ಒಂದು ಕೈ ಗೋಡೆಗೆ ಕೊಡಲೇಬೇಕಿತ್ತು. ನಾನು ಟಿಕೋಟಾದವಳು. ಹೊನವಾಡದ ಕಡೆಯಿಂದ ಬರುವ ಬಸ್ಸು ನಮ್ಮೂರು ಮುಟ್ಟುವ ಹೊತ್ತಿಗೆ ತುಂಬಿರುತ್ತಿತ್ತು. ನಿಂತೇ ಬಂದು, ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕೂತೆನೋ ಇಲ್ಲವೋ, ಹಿಂದಿನಿಂದ ಯಾರೋ ಕೇಳುತ್ತಿದ್ದರು: "ಏನವಾ, ಇವತ್ತ ಏನ್ ಬಣ್ಣ?"

ಆ ಬಣ್ಣ ಏನೆಂದು ಹೇಳಬೇಕು. ನಮ್ಮ ಕಂಪನಿ ನೀರಿನ ಪಾಳಿ ಹಂಚುವ ಒಂದು ಪ್ರೋಗ್ರಾಮ್ ಮಾಡಿತ್ತು. ಏತ ನೀರಾವರಿಯ ನೀರು ಯಾರ ಹೊಲಕ್ಕೆ ಯಾವ ದಿನ, ಎಷ್ಟು ಹೊತ್ತು ಹೋಗಬೇಕೆಂಬುದನ್ನು ಮೊದಲೆಲ್ಲ ರೈತರ ಸಂಘದವರು ಕೂತು, ಜಗಳಾಡಿ, ಗೋಡೆಗೆ ಬರೆದು ಹಚ್ಚುತ್ತಿದ್ದರು. ಈಗ ಹೊಲದ ಸರ್ವೆ ನಂಬರ್ ಮತ್ತು ವಿಸ್ತೀರ್ಣ ತುಂಬಿದರೆ ಸಾಕು, ಕಂಪ್ಯೂಟರೇ ಪಾಳಿ ತೆಗೆದುಕೊಡುತ್ತದೆ. ಬಬಲೇಶ್ವರದ ಸಮೀಪದ ಒಂದು ಸಂಘ ಅದನ್ನು ಮೊದಲಿಗೆ ತೆಗೆದುಕೊಂಡಿತ್ತು. ಪ್ರೋಗ್ರಾಮ್ ಬರೆದವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬ ಇಂಜಿನಿಯರ್. ಅದು ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ನನ್ನ ಕೆಲಸ.

ನಾನು ಬರೆದ ಟೆಸ್ಟು ಪ್ರತಿ ಸಲ ಚೀಟಿ ಎತ್ತಿದ ಹಾಗೆ ಒಂದು ಹೊಸ ಊರನ್ನೇ ಹುಟ್ಟಿಸುತ್ತಿತ್ತು. ಎಲ್ಲೂ ಇಲ್ಲದ ರೈತರು, ಎಲ್ಲೂ ಇಲ್ಲದ ಹೊಲಗಳು. ಒಂದು ಸಲ ದೊಡ್ಡ ಹಿಡುವಳಿಯ ಊರು, ಇನ್ನೊಂದು ಸಲ ಅಣ್ಣತಮ್ಮಂದಿರು ಹಂಚಿಕೊಂಡು ಚೂರಾದ ಊರು. ಆ ಊರನ್ನು ಪ್ರೋಗ್ರಾಮಿಗೆ ಕೊಟ್ಟು, ಬಂದ ಪಾಳಿಯನ್ನು ನೋಡಿ ಒಂದೇ ಪ್ರಶ್ನೆ ಕೇಳುತ್ತಿತ್ತು: ಎಲ್ಲರಿಗೂ ನೀರು ಸಿಕ್ಕಿತೇ? ಸಿಕ್ಕಿದ್ದರೆ ಹಸಿರು. ಒಬ್ಬನಿಗೆ ತಪ್ಪಿದರೂ ಕೆಂಪು. ಮನುಷ್ಯರಿಗೆ ಹೊಳೆಯದ ಊರುಗಳು ಚೀಟಿಯಲ್ಲಿ ಬರಲಿ ಎಂದೇ ನಾನು ಹಾಗೆ ಮಾಡಿದ್ದೆ.

ಹೆಚ್ಚಿನ ದಿನ ಹಸಿರೇ. ಎಂದೋ ಒಂದು ದಿನ ಕೆಂಪು. ಏನಾಯಿತೆಂದು ನೋಡಲು ಮತ್ತೆ ಓಡಿಸಿದರೆ ಹೊಸ ಊರು ಹುಟ್ಟಿ ಹಸಿರು ಬಂದುಬಿಡುತ್ತಿತ್ತು. ಕೆಂಪು ಬಂದಾಗಿನ ಊರು ಹೊಗೆಯ ಹಾಗೆ ಹೋಗಿರುತ್ತಿತ್ತು. ಆ ಸಲದ ರೈತರೆಲ್ಲ ಯಾರೆಂದು ಕಂಪ್ಯೂಟರು ಬರೆದಿಡುವಂತೆ ಮಾಡೋಣ ಎಂದು ಇಂಜಿನಿಯರರನ್ನು ಕೇಳಿದೆ. ಎಲ್ಲ ಟೆಸ್ಟು ಓಡುವ ದೊಡ್ಡ ಕಂಪ್ಯೂಟರು ಅವರ ಕೈಯಲ್ಲಿತ್ತು.

"ಇಲ್ಲದ ಮಂದೀದು ಜಾತಕ ಬರದಿಟ್ಟು ಏನ್ ಮಾಡಾಕಿ?" ಎಂದರು. "ಡಿಸ್ಕ್ ತುಂಬಸಾಕ ನಿನಗ ಪಗಾರ ಕೊಡ್ತಾರೇನ?"

"ಸರ್, ಯಾರಿಗೋ ಪಾಳಿ ಸಿಗವಲ್ದು. ಅದು ಖರೇನ ಐತಿ."

"ಪ್ರೋಗ್ರಾಮಿಗೆ ಏನೂ ಆಗಿಲ್ಲ. ನಿನ್ನ ಟೆಸ್ಟಿಗೆ ಹುಚ್ಚ ಹಿಡದೈತಿ."

ಮರುದಿನ ಬೆಳಿಗ್ಗೆ ನನ್ನ ಕಂಪ್ಯೂಟರಿನ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ದಾರದಲ್ಲಿ ಪೋಣಿಸಿ, ಅಂಗಡಿ ಬಾಗಿಲಿಗೆ ಕಟ್ಟುವ ಹಾಗೆ. ಎಲ್ಲರೂ ನನ್ನ ಮುಖ ನೋಡಲೆಂದು ಕಾಯುತ್ತಿದ್ದರು. ನಾನು ಅದನ್ನು ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಕಟ್ಟಿದ್ದರು. ಆಮೇಲೆ ನಾನು ಬಿಚ್ಚಲಿಲ್ಲ. ನಿಂಬೆಹಣ್ಣು ಒಣಗಿ ಕಪ್ಪಾಗಿ ಕಣ್ಣೆದುರಿಗೇ ತೂಗಾಡುತ್ತಿತ್ತು.

ಉಳಿದವರು ಕೆಟ್ಟವರೆಂದು ಹೇಳಲಾರೆ. ಅವರಿಗೆ ಅದೊಂದು ರೂಢಿಯಾಯಿತು. ಸಂಜೆ ಹತ್ತಿರವಾಗುತ್ತಿದ್ದಂತೆ ಟೆಸ್ಟು ಓಡುವ ಪರದೆಯ ಕಡೆ ಕಣ್ಣು ಹಾಯಿಸುವರು, ಕೆಂಪು ಬರಲಿ ಎಂದು. ಬಂದರೆ ಮೇಜು ಬಡಿಯುವರು. ಓಣಿಯ ಚಹಾದಂಗಡಿಯವನಿಗೂ ವಿಷಯ ಗೊತ್ತಾಗಿತ್ತು. ನಾನು ದೂರದಲ್ಲಿ ಕಂಡರೆ ಸಾಕು, ಕೆಟಲ್ ತೊಳೆಯಲು ಶುರು ಮಾಡುತ್ತಿದ್ದ.

ಒಂದು ದಿನ ಇಂಜಿನಿಯರರು ಎದ್ದು ನಿಂತು, ಟೆಸ್ಟಿನ ಹುಚ್ಚು ಬಿಡಿಸಿದ್ದೇನೆ ಎಂದು ಸಾರಿದರು. ಅವರು ಮಾಡಿದ್ದಿಷ್ಟೆ. ಕಂಪ್ಯೂಟರು ಎತ್ತುವ ಚೀಟಿ ನಿಜವಾದ ಚೀಟಿಯಲ್ಲ. ಒಂದು ಅಂಕಿಯಿಂದ ಶುರುವಾಗಿ ಲೆಕ್ಕ ಹಾಕುತ್ತ ಹೋಗುತ್ತದೆ. ಶುರುವಿನ ಅಂಕಿ ಪ್ರತಿ ಸಲ ಬೇರೆಯಾದರೆ ಊರೂ ಬೇರೆ. ಅವರು ಆ ಅಂಕಿಯನ್ನು ಒಂದೇ ಕಡೆ ಮೊಳೆ ಹೊಡೆದು ನಿಲ್ಲಿಸಿದ್ದರು. ಇನ್ನು ಯಾವತ್ತು ಓಡಿಸಿದರೂ ಅದೇ ಊರು, ಅದೇ ರೈತರು. ಆ ಊರಿನಲ್ಲಿ ಎಲ್ಲರಿಗೂ ನೀರು ಸಿಗುತ್ತಿತ್ತು. ಹಸಿರು, ಹಸಿರು, ಹಸಿರು.

ಮಾಲೀಕರು ಪೇಢೆ ತರಿಸಿದರು. ನಾನು ಅವರ ಕ್ಯಾಬಿನ್ನಿಗೆ ಹೋಗಿ ಹೇಳಿದೆ: "ಸರ್, ಇದು ವಾಸಿ ಆಗಿದ್ದಲ್ಲ. ಜ್ವರ ನೋಡೂ ಕಡ್ಡೀನ ಮುರದಂಗ ಆತು."

"ಹಸಿರ ಬಂತಲ್ಲ? ನಿನಗ್ಯಾಕ ಉರಿ?" ಎಂದರು. ಬಾಯಲ್ಲಿ ಪೇಢೆ ಇತ್ತು. "ಗಂಡಸರು ಹಿಂಗ ಕೆಲಸ ಮುಗಸ್ತಾರ. ನೀ ಅಷ್ಟು ದಿನ ಚಹಾ ಹೊತ್ತಿ. ಹೋಗು, ಪೇಢೆ ತಿನ್ನು."

ಮನೆಯಲ್ಲಿ ನಾನು ಇದನ್ನೆಲ್ಲ ಹೇಳುತ್ತಿರಲಿಲ್ಲ. ಅವ್ವ ಮಾತ್ರ ನನ್ನ ಅಂಗೈ ಮೇಲಿನ ಸುಟ್ಟ ಕಲೆ ನೋಡಿ ಕೇಳಿದ್ದಳು: "ಕಂಪ್ಯೂಟರಾಗೂ ಬೆಂಕಿ ಇರ್ತೈತೇನ ಬೇ?" ಕೆಟಲಿನ ಹಿಡಿಕೆ ಸಡಿಲಾಗಿತ್ತು. ಬಸ್ಸಿನ ಕಂಬಿ ಕಾದಿತ್ತು ಎಂದು ಸುಳ್ಳು ಹೇಳಿದೆ.

ಬೇಸಿಗೆ ಏರುತ್ತಿದ್ದಾಗ ಮಾಲೀಕರು ನನ್ನನ್ನು ಬಬಲೇಶ್ವರದ ಕಡೆಯ ಆ ಸಂಘಕ್ಕೆ ಕಳಿಸಿದರು. ಅಲ್ಲಿನವರಿಗೆ ಪಾಳಿ ತೆಗೆಯುವುದನ್ನು ಇನ್ನೊಮ್ಮೆ ಕಲಿಸಬೇಕಿತ್ತು. ಸಂಘದ ಕೋಣೆಯಲ್ಲಿ ಅಧ್ಯಕ್ಷರು ಕುರ್ಚಿಯ ಮೇಲೆ, ನಾಲ್ಕಾರು ಮಂದಿ ಬೆಂಚಿನ ಮೇಲೆ ಕೂತಿದ್ದರು. ನಾನು ಪಾಳಿ ತೆಗೆದು, ಅಚ್ಚು ಹಾಕಿ, ಗೋಡೆಗೆ ಹಚ್ಚಿದೆ. ಅಲ್ಲಿಯವರೆಗೂ ಬಾಗಿಲಲ್ಲಿ ನಿಂತಿದ್ದ ಒಬ್ಬ ಹೆಂಗಸು ಒಳಗೆ ಬಂದು, ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಓದಿದಳು. ನಲವತ್ತರ ಆಸುಪಾಸಿನವಳು. ತಲೆ ತುಂಬ ಸೆರಗು, ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ಈ ಸಲಾನೂ ನನ್ನ ಹೆಸರಿಲ್ರಿ," ಎಂದಳು.

"ಕಂಪ್ಯೂಟರ್ ಹಾಕಿಲ್ಲ ಯವ್ವಾ. ನಾ ಏನ್ ಮಾಡ್ಲಿ?" ಎಂದರು ಅಧ್ಯಕ್ಷರು.

"ಹೊಲ ಐತಿ, ಉತಾರ ಐತಿ. ಹೆಸರ ಯಾಕಿಲ್ಲ?" ಎಂದು ಚೀಲದಿಂದ ಪಹಣಿಯ ಕಾಗದ ತೆಗೆದು ತೋರಿಸಿದಳು.

ಬೆಂಚಿನ ಮೇಲಿದ್ದ ಬಿಳಿ ಟೋಪಿಯ ಒಬ್ಬರು ಅವಳ ಕಡೆ ನೋಡದೆ ಹೇಳಿದರು: "ಕಂಪ್ಯೂಟರಿಗೂ ಗೊತ್ತಾಗೇತಿ, ಆ ಹೊಲ ಖರೇ ಯಾರ್ದು ಅಂತ."

ಕೋಣೆ ತುಂಬ ನಗು ಎದ್ದಿತು. ಆ ಟೋಪಿಯವರು ಅವಳ ಗಂಡನ ಅಣ್ಣ, ಭಾವ. ಗಂಡ ತೀರಿಕೊಂಡ ಮೇಲೆ ಅವಳು ಜಗಳ ಮಾಡಿ, ಕೋರ್ಟಿಗೆ ಹೋಗಿ ತನ್ನ ಹಿಸ್ಸಾ ಬಿಡಿಸಿಕೊಂಡಿದ್ದಳು. ಎರಡು ಹೊಲಕ್ಕೂ ಒಂದೇ ಪೈಪು. ಅವಳ ಪಾಳಿ ಬಾರದಿದ್ದರೆ ನೀರು ಭಾವನ ಹೊಲದಲ್ಲೇ ನಿಲ್ಲುತ್ತಿತ್ತು. ಇದನ್ನೆಲ್ಲ ಅವಳೇ ಆಮೇಲೆ ಹೊಲಕ್ಕೆ ಕರೆದುಕೊಂಡು ಹೋಗುವಾಗ ಹೇಳಿದಳು. "ನೀ ಕಂಪ್ಯೂಟರಿನಾಕಿ ಹೌದಲ್ಲ? ಬಾ, ನಿನ್ನ ಕಣ್ಣಿಂದ ನೋಡು," ಎಂದು ನನ್ನ ಕೈ ಹಿಡಿದೇ ಎಬ್ಬಿಸಿದ್ದಳು.

ನೋಡಿದೆ. ಎಳೆಯ ದ್ರಾಕ್ಷಿ ಬಳ್ಳಿಗಳು. ಬೇಸಿಗೆಯ ಚಾಟ್ನಿ ಎಂದು ಹಳೆ ಕಡ್ಡಿಗಳನ್ನೆಲ್ಲ ಕತ್ತರಿಸಿದ್ದಳು. ಆ ಮೇಲೆ ಬರುವ ಚಿಗುರಿಗೆ ನೀರು ತಪ್ಪಬಾರದೆಂದು ನಮ್ಮ ಟಿಕೋಟಾದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಚಿಗುರು ಬೆರಳುದ್ದ ಬಂದು ಅಲ್ಲಿಗೇ ಸುಟ್ಟುಹೋಗಿತ್ತು. ಒಡ್ಡಿನ ಆಚೆ ಭಾವನ ಬಳ್ಳಿ ಹಂದರದ ಮೇಲೆ ಹಸಿರಾಗಿ ಹಬ್ಬಿತ್ತು, ಬುಡದ ಮಣ್ಣು ಇನ್ನೂ ತೊಯ್ದಿತ್ತು. ಅವಳು ಒಣಗಿದ ಒಂದು ಚಿಗುರನ್ನು ಮುರಿದಳು. ಚಟ್ ಎಂದು ಸದ್ದಾಯಿತು.

"ಟ್ಯಾಂಕರ್ ತರಿಸಿ ನೋಡಿದೆ. ಭಾವ ದಾರಿಗೆ ಮುಳ್ಳ ಹಚ್ಚಿದ," ಎಂದಳು. ಅಳಲಿಲ್ಲ. ಅಳುತ್ತಾಳೆಂದು ನಾನು ಕಾಯುತ್ತಿದ್ದೆ, ಅದು ಅವಳಿಗೆ ಗೊತ್ತಾಯಿತು ಎಂದು ಈಗಲೂ ಅನಿಸುತ್ತದೆ.

ಮರುದಿನ ಆಫೀಸಿಗೆ ಹೋದವಳೇ ಯಾರಿಗೂ ಹೇಳದೆ ಟೆಸ್ಟಿನ ಒಂದು ನಕಲು ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. ಮೊಳೆ ಕಿತ್ತೆ. ಶುರುವಿನ ಅಂಕಿ ಮತ್ತೆ ಪ್ರತಿ ಸಲ ಬೇರೆಯಾಗಲಿ ಎಂದು ಬಿಟ್ಟೆ. ಈ ಸಲ ಆ ಅಂಕಿಯನ್ನು ಬರೆದಿಡುವಂತೆ ಮಾಡಿದೆ. ಅಂಕಿ ಕೈಯಲ್ಲಿದ್ದರೆ ಹೋದ ಊರನ್ನು ಬೇಕಾದಾಗ ಮರಳಿ ಕರೆಯಬಹುದು. ಆಮೇಲೆ ಅದು ತನ್ನಷ್ಟಕ್ಕೆ ಓಡುತ್ತಿರಲಿ ಎಂದು ಬಿಟ್ಟು, ಮೇಲೆ ಬೇರೆ ಕೆಲಸದ ಪುಟ ತೆರೆದು ಮುಚ್ಚಿದೆ. ಒಂದರ ಹಿಂದೊಂದು ಊರು ಹುಟ್ಟುತ್ತ ಸಾಯುತ್ತ ಹೋದವು. ಎರಡು ದಿನ ಹಸಿರೇ. ಮೂರನೆಯ ದಿನ ಊಟದ ನಂತರ ಇಣುಕಿದರೆ ಕೆಂಪು. ನನಗೆ ಆದದ್ದು ಸಂತೋಷವಲ್ಲ, ಹೆದರಿಕೆ. ಹಿಂದಿದ್ದವರು ನೋಡಿಬಿಟ್ಟರೆ ಕೆಟಲ್ ಹಿಡಿದು ಹೋಗಬೇಕಲ್ಲ ಎಂದು ಎರಡೂ ಕೈಯಿಂದ ಪರದೆ ಮುಚ್ಚಿದೆ.

ಆ ಅಂಕಿ ಕೊಟ್ಟು ಮತ್ತೆ ಓಡಿಸಿದೆ. ಮತ್ತೆ ಕೆಂಪು. ಇನ್ನೊಮ್ಮೆ. ಕೆಂಪೇ. ಮೊದಲ ಬಾರಿಗೆ ಅದು ನನ್ನ ಕೈಗೆ ಸಿಕ್ಕಿತ್ತು. ಆ ಊರಿನ ಅರ್ಧ ರೈತರನ್ನು ತೆಗೆದುಹಾಕಿದೆ. ಕೆಂಪು ಉಳಿಯಿತು. ಉಳಿದವರಲ್ಲಿ ಅರ್ಧ ತೆಗೆದೆ. ಹಸಿರಾಯಿತು. ಹಾಗಾದರೆ ತೆಗೆದವರಲ್ಲಿ ಯಾರೋ ಬೇಕು ಎಂದು ಅವರನ್ನು ಮರಳಿ ಸೇರಿಸಿ ಬೇರೆಯವರನ್ನು ತೆಗೆದೆ. ಹೀಗೆ ಜರಡಿ ಹಿಡಿಯುತ್ತ ಹೋಗಿ, ಆಫೀಸು ಬಿಡುವ ಹೊತ್ತಿಗೆ ಇಬ್ಬರು ರೈತರು ಉಳಿದರು. ಒಬ್ಬನ ಹೊಲ ಎಂಬತ್ತೆಂಟು ಬಟಾ ಎರಡು. ಇನ್ನೊಬ್ಬನದು ಎಂಬತ್ತೆಂಟು ಬಟಾ ಇಪ್ಪತ್ತು. ಇಬ್ಬರಲ್ಲಿ ಯಾರೊಬ್ಬನನ್ನು ತೆಗೆದರೂ ಹಸಿರು. ಇಬ್ಬರೂ ಇದ್ದರೆ ಕೆಂಪು.

ಇಂಜಿನಿಯರರು ಬರೆದ ಪ್ರೋಗ್ರಾಮ್ ತೆರೆದು ಸರ್ವೆ ನಂಬರ್ ಓದುವ ಜಾಗ ನೋಡಿದೆ. ಬಟಾ ಎನ್ನುವ ಅಡ್ಡಗೆರೆ ತೆಗೆದು ಅಲ್ಲಿ ಚುಕ್ಕೆ ಇಟ್ಟು, ಅದನ್ನು ದಶಮಾಂಶದ ಸಂಖ್ಯೆಯ ಹಾಗೆ ಓದಿಸಿದ್ದರು. ಒಂದರಲ್ಲಿ ಚುಕ್ಕೆಯ ಮುಂದೆ ಬರೀ ಎರಡು, ಇನ್ನೊಂದರಲ್ಲಿ ಆ ಎರಡರ ಮುಂದೆ ಒಂದು ಸೊನ್ನೆ. ಕೊನೆಯ ಸೊನ್ನೆಗೆ ಬೆಲೆಯಿಲ್ಲ ಎಂದು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಕಂಪ್ಯೂಟರಿಗೆ ಆ ಎರಡೂ ಹೊಲ ಒಂದೇ ಆಗಿ ಕಂಡು, ಎರಡನೆಯದನ್ನು ಮತ್ತೆ ಬರೆದ ಅದೇ ನಂಬರೆಂದು ಬಿಸಾಕುತ್ತಿತ್ತು. ಚೀಟಿಯಲ್ಲಿ ಇಂಥ ಜೋಡಿ ಅಪರೂಪಕ್ಕೆ ಬೀಳುತ್ತಿತ್ತು. ಬಿದ್ದ ದಿನ ಕೆಂಪು.

ನಾನು ಸಂಘಕ್ಕೆ ಫೋನ್ ಮಾಡಿ ಆ ಹೆಂಗಸಿನ ಹೊಲದ ನಂಬರ್ ಕೇಳಿದೆ.

"ಆಕೀದು ನಲವತ್ತೈದು ಬಟಾ ಹತ್ತು," ಎಂದರು.

"ಅವರ ಭಾವಂದು?"

"ನಲವತ್ತೈದು ಬಟಾ ಒಂದು. ಯಾಕ್ರಿ?"

ಮರುದಿನ ಇಂಜಿನಿಯರರಿಗೆ ಇಬ್ಬರು ರೈತರನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಕಿವಿ ಕೆಂಪಾದವು. ಅಲ್ಲೇ ಕೂತು, ಸರ್ವೆ ನಂಬರನ್ನು ಬರೆದದ್ದು ಬರೆದಂತೆಯೇ, ಅಡ್ಡಗೆರೆಯ ಸಮೇತ ಇಟ್ಟುಕೊಳ್ಳುವಂತೆ ತಿದ್ದಿದರು. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಆಮೇಲೆ ಎದ್ದು ಮಾಲೀಕರ ಕ್ಯಾಬಿನ್ನಿಗೆ ಹೋದರು. ನಾನೂ ಹಿಂದೆಯೇ ಹೋದೆ. "ಒಂದು ಸಣ್ಣ ತೊಂದರಿ ಸಿಕ್ಕಿತ್ರಿ, ತಗದೇನಿ," ಎನ್ನುತ್ತಿದ್ದರು.

"ಸಣ್ಣದಲ್ರಿ ಸರ್. ಅಲ್ಲೊಬ್ಬಾಕೀದು ತ್ವಾಟಾನ ಒಣಗೇತಿ," ಎಂದೆ.

ಮಾಲೀಕರು ಪೂರ್ತಿ ಕೇಳಿದರು. ಅವರು ದಡ್ಡರಲ್ಲ, ಎಲ್ಲ ಒಮ್ಮೆಗೇ ತಿಳಿಯಿತು. "ಯಾರ್ ಹುಡುಕಿದ್ರೇನು," ಎಂದರು. "ಹೊರಗ ತಪ್ಪ ಅಂತ ಬಾಯಿ ಬಿಡಬ್ಯಾಡ್ರಿ. ಆಕಿ ಕಾಗದ ಸರಿ ಇರಲಿಲ್ಲ, ನಾವ ಸರಿ ಮಾಡಿಕೊಟ್ವಿ ಅನ್ನೋಣು. ನಾನ ಮಾತಾಡತೇನಿ."

ಮರುದಿನ ಅವರ ಕಾರಿನಲ್ಲೇ ಮೂವರೂ ಹೋದೆವು. ಅದೇ ಕೋಣೆ, ಅದೇ ಬೆಂಚು, ಬೆಂಚಿನ ಮೇಲೆ ಭಾವ. ಅವಳು ಬಾಗಿಲ ಬಳಿ ನಿಂತಿದ್ದಳು. ಮಾಲೀಕರು ಕಾಲರ್ ಸರಿಮಾಡಿಕೊಂಡು, ಆ ಹೆಣ್ಣುಮಗಳ ಕಾಗದಪತ್ರದಲ್ಲಿ ಗೊಂದಲವಿತ್ತು, ಕಂಪ್ಯೂಟರಿಗೆ ಅದು ತಿಳಿಯಲಿಲ್ಲ, ಈಗ ನಾವೇ ದಾರಿ ಮಾಡಿದ್ದೇವೆ ಎಂದರು. ಭಾವ ತಲೆದೂಗಿದರು. "ನಾ ಮೊದಲಿಂದ ಹೇಳಾಕತ್ತೇನಿ, ಕಾಗದಾನ ಸುಳ್ಳ."

ಅವಳು ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿಕೊಂಡಳು. "ನನ್ನ ಉತಾರ ಸರಿ ಐತ್ರಿ," ಎಂದಳು.

"ಕಾಗದ ಸರಿ ಐತಿ," ಎಂದೆ ನಾನು. ಯಾರಿಗೂ ಕೇಳಿಸಲಿಲ್ಲವೆಂದು ಗಟ್ಟಿಯಾಗಿ ಹೇಳಿದೆ. "ತಪ್ಪ ನಮ್ಮದು. ನಲವತ್ತೈದು ಬಟಾ ಒಂದು, ನಲವತ್ತೈದು ಬಟಾ ಹತ್ತು, ಎರಡೂ ಒಂದ ಹೊಲ ಅಂತ ನಮ್ಮ ಪ್ರೋಗ್ರಾಮ್ ತಿಳಕೊಂಡಿತ್ತು. ಆಕಿ ಹೆಸರ ಅದ ತಗದ ಒಗೀತಿತ್ತು."

ಮಾಲೀಕರು ನನ್ನ ಕಡೆ ತಿರುಗಲೂ ಇಲ್ಲ. ಅಧ್ಯಕ್ಷರು ಮಾತ್ರ ಗೋಡೆಗೆ ಹಚ್ಚಿದ ಪಾಳಿಯ ಕಡೆ ಒಮ್ಮೆ ನೋಡಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಈಗ ಇದಕ್ಕೊಂದು ತೀರ್ಮಾನ ಆಗುತ್ತದೆ ಎಂದು ನಾನು ನಂಬಿದ್ದೆ.

"ಆತು, ಸರಿ ಮಾಡೀರಲ್ಲ," ಎಂದರು. "ಈ ಹಂಗಾಮಿನ ಪಾಳಿ ಹಂಚಿ ಆಗೇತಿ. ಈಗ ಕೆಡವಿದ್ರ ಊರಾಗ ಬಡದಾಟ ಆಕ್ಕೈತಿ. ಮಳಿ ಆದಮ್ಯಾಲ ಹೊಸಾ ಪಾಳ್ಯಾಗ ಆಕೀನ ಹಾಕೋಣು."

"ಅಷ್ಟ ಮಾಡ್ರಿ," ಎಂದರು ಭಾವ. "ಒಣಗಿದ ಬಳ್ಳಿಗೆ ಈಗ ನೀರ್ ಬಿಟ್ರ ಚಿಗೀತೈತೇನ?"

ಬೆಂಚಿನವರು ಮತ್ತೆ ನಕ್ಕರು. ಮೊದಲಿನಷ್ಟೇ ನಕ್ಕರು. ತಪ್ಪು ಯಾರದೆಂದು ತಿಳಿದದ್ದರಿಂದ ಅವರ ನಗುವಿನಲ್ಲಿ ಏನೂ ಕಡಿಮೆಯಾಗಿರಲಿಲ್ಲ.

ಅವಳು ಹೊರಗೆ ಹೋಗಿಬಿಟ್ಟಿದ್ದಳು. ಬೇವಿನ ಮರದ ಕೆಳಗೆ ಹೋಗಿ ಅವಳೆದುರು ನಿಂತೆ. "ಅಕ್ಕಾರ, ತಪ್ಪಾಗೇತ್ರಿ," ಎಂದೆ.

"ಇದು ನಿಮಗ ಯಾವಾಗ ಗೊತ್ತಾತು?"

"ಮೊನ್ನೆ. ಆದರ ಏನೋ ತಪ್ಪೈತಿ ಅಂತ ಮೊದಲಿಂದ ಗೊತ್ತಿತ್ತು. ನಮ್ಮಲ್ಲಿ ಇಲ್ಲದ ರೈತರನ ಮಾಡಿ ಪರೀಕ್ಷೆ ಮಾಡತೇವಿ. ಅದರಾಗ ಯಾರಿಗೋ ನೀರ್ ಸಿಗತಿರಲಿಲ್ಲ."

ಅವಳು ನನ್ನನ್ನು ನಿಧಾನವಾಗಿ ಮೇಲಿನಿಂದ ಕೆಳಗೆ ನೋಡಿದಳು. "ಇಲ್ಲದಾಂವಗ ನೀರ್ ಸಿಗಲಿಲ್ಲಂತ ನಿಮ್ಮ ಮಷೀನು ಒದರಾಕತ್ತಿತ್ತು," ಎಂದಳು. "ಇದ್ದಾಕಿ ನಾ ಬಂದು ಒದರಿದ್ರ ಯಾರೂ ಕೇಳಲಿಲ್ಲ."

ಒಳಗೆ ಅಷ್ಟು ಮಂದಿಯ ಎದುರು ಬಾಯಿಬಿಟ್ಟದ್ದಕ್ಕೆ ಒಂದು ಒಳ್ಳೆಯ ಮಾತು ಆಡುತ್ತಾಳೇನೋ ಎಂಬ ಆಸೆ ನನಗಿತ್ತು. ಅದೂ ಅವಳಿಗೆ ಕಾಣಿಸಿತು.

"ಒಳಗ ನೀ ಮಾತಾಡಿದ್ದು ನನಗಲ್ಲ ತಂಗಿ. ನಿನ್ನ ಎದಿ ಹಗುರ ಆಗಲಿ ಅಂತ. ಆತಿಲ್ಲೋ? ಇನ್ನ ಹೋಗು."

ನಾನು ತಿರುಗಿ ನೋಡಿದಾಗ ಮಾಲೀಕರ ಕಾರು ಇರಲಿಲ್ಲ. ಬಬಲೇಶ್ವರದ ಬಸ್ ನಿಲ್ದಾಣದವರೆಗೆ ಬಿಸಿಲಲ್ಲಿ ನಡೆದೆ. ಮರುದಿನ ಆಫೀಸಿಗೆ ಹೋದರೆ ನನ್ನ ಕಂಪ್ಯೂಟರು ಇದ್ದ ಜಾಗದಲ್ಲಿ ಪ್ರಿಂಟರ್ ಇಟ್ಟಿದ್ದರು. ಕುರ್ಚಿ ಕ್ಯಾಬಿನ್ನಿನಲ್ಲಿತ್ತು, ಅದರ ಮೇಲೆ ಯಾರೋ ಕಾಲು ಚಾಚಿದ್ದರು. ನನ್ನ ನೀರಿನ ಬಾಟಲಿಯನ್ನು ಮೆಟ್ಟಿಲಿಗೆ ತಂದಿಟ್ಟಿದ್ದರು. ಹೋಗು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಕೀಲಿಮಣೆ ಒತ್ತುತ್ತಿದ್ದರು.

ಕೆಲವು ತಿಂಗಳು ಮನೆಯಲ್ಲಿದ್ದೆ. ಆಮೇಲೆ ವಿಜಯಪುರದಲ್ಲೇ ಇನ್ನೊಂದು ಸಣ್ಣ ಕಂಪನಿಯಲ್ಲಿ ಅದೇ ಕೆಲಸ ಸಿಕ್ಕಿತು. ಹಳೆಯ ಆಫೀಸಿನ ಒಬ್ಬಾಕೆ ಒಮ್ಮೆ ಚೌಕದಲ್ಲಿ ಸಿಕ್ಕಳು. ಆ ಟೆಸ್ಟು ಹೇಗಿದೆ ಎಂದು ಕೇಳಿದೆ. "ಭಾರಿ ಛಲೋ ಐತಿ, ಒಮ್ಮೆಯೂ ಕೆಂಪ ಬಂದಿಲ್ಲ," ಎಂದಳು. ಶುರುವಿನ ಅಂಕಿಯ ಮೊಳೆ ತೆಗೆದರೇ ಎಂದು ಕೇಳಿದೆ. ಇಲ್ಲ. ಪ್ರೋಗ್ರಾಮ್ ತಿದ್ದಿದ ಮೇಲೂ ಇಂಜಿನಿಯರರು ಅದನ್ನು ಹಾಗೆಯೇ ಬಿಟ್ಟಿದ್ದರು. ಈಗ ಇನ್ನೂ ಮೂರು ಸಂಘಗಳು ಆ ಪ್ರೋಗ್ರಾಮ್ ತೆಗೆದುಕೊಂಡಿವೆಯಂತೆ.

ಮಳೆಗಾಲ ಮುಗಿದ ಮೇಲೆ ದ್ರಾಕ್ಷಿ ತೋಟದ ಆ ಹೆಂಗಸನ್ನು ವಿಜಯಪುರದ ಬಸ್ ನಿಲ್ದಾಣದಲ್ಲಿ ನೋಡಿದೆ. ಕಲ್ಲು ಬೆಂಚಿನ ತುದಿಯಲ್ಲಿ ಕೂತಿದ್ದಳು. ಗುರುತು ಹಿಡಿದಳು, ಆದರೆ ಸರಿದು ಜಾಗ ಕೊಡಲಿಲ್ಲ. ನಿಂತುಕೊಂಡೇ ಕೇಳಿದೆ: "ಪಾಳ್ಯಾಗ ಹೆಸರ ಬಂತೇನ್ರಿ?"

"ಬಂತು. ನೀರೂ ಬರಾಕತ್ತೈತಿ."

"ಬಳ್ಳಿ?"

"ಕಿತ್ತ ಒಗದೆ. ಹಂದರದ ತಂತಿ, ಕಲ್ಲಕಂಬ ಎಲ್ಲಾ ಭಾವ ತಗೊಂಡ. ಅವನ ಹೊಸಾ ತ್ವಾಟಕ್ಕ ಬೇಕಾಗಿತ್ತಂತ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾ ತೊಗರಿ ಹಾಕೇನಿ."

ಭಾವ ಕೊಟ್ಟ ಬೆಲೆ ಸರಿಯಿತ್ತೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಬಬಲೇಶ್ವರದ ಬಸ್ಸು ಬಂತು. ಮಂದಿ ಬಾಗಿಲಿಗೆ ಮುಗಿಬಿದ್ದರು. ಅವಳು ಮೊಣಕೈಯಿಂದ ಇಬ್ಬರನ್ನು ತಳ್ಳಿ ಮೇಲೆ ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, ಪಕ್ಕದ ಜಾಗದ ಮೇಲೆ ಚೀಲ ಇಟ್ಟಳು. ನಾನು ಕಿಟಕಿಯ ಕೆಳಗೇ ನಿಂತಿದ್ದೆ. ಧೂಳು ಬರುತ್ತದೆಂದು ಅವಳು ಗಾಜು ಎಳೆದುಕೊಂಡಳು.